ಅಲುಗಾಡದ ವಸ್ತು

ಸೆಪ್ಟೆಂಬರ್ ೨, ಸೋಮವಾರ

ಈ ಡೈರಿ ನನ್ನ ಆಸೆಯಲ್ಲ, ಹೆಂಡತಿಯ ಅಪ್ಪಣೆ. ನಿನ್ನೆ ಊಟಕ್ಕೆ ಕೂತಾಗ ಪಕ್ಕದ ಬೀದಿಯ ಹಾರನ್ನಿನ ಬಗ್ಗೆ ಶುರು ಮಾಡಿದ ನಾನು, ಪಾತ್ರೆ ತೊಳೆದು ಮುಗಿಯುವವರೆಗೂ ನಿಲ್ಲಿಸಲಿಲ್ಲವಂತೆ. "ಸಾಕು ರೀ. ನನ್ನ ತಲೆ ತಿನ್ನೋ ಬದ್ಲು ಇದ್ರಲ್ಲಿ ಬರ್ಕೊಳ್ಳಿ" ಎಂದು, ಆಸ್ಪತ್ರೆಯಲ್ಲಿ ಯಾರೋ ಪುಕ್ಕಟೆ ಕೊಟ್ಟ ಡೈರಿಯನ್ನು ನನ್ನ ಮುಂದೆ ಒಗೆದಳು. ಅವಳು ಅಲ್ಲಿನ ಲ್ಯಾಬಿನಲ್ಲಿದ್ದಾಳೆ. ಬೆಳಗಿನಿಂದ ಸಂಜೆವರೆಗೆ ಊರವರ ರಕ್ತ ನೋಡುತ್ತಾಳೆ. ಗಂಡನ ರಕ್ತದೊತ್ತಡ ನೋಡಲು ಮಾತ್ರ ಪುರುಸೊತ್ತಿಲ್ಲ.

ಮೊದಲ ಪುಟದಲ್ಲಿ 'ಉದ್ಯೋಗ' ಎಂದು ಒಂದು ಗೆರೆ ಇದೆ. 'ಎಂಜಿನಿಯರ್, ನಗರ ಬೀದಿ ವಿನ್ಯಾಸ ವಿಭಾಗ' ಎಂದು ಬರೆದೆ. ಜಾಗ ಸಾಲದೆ 'ವಿಭಾಗ' ಗೆರೆಯಿಂದಾಚೆ ಹೋಯಿತು. ಆಫೀಸಿನಲ್ಲೂ ನಮ್ಮ ಗತಿ ಹಾಗೆಯೇ.

ಇವತ್ತು ಹಸಿರು ಬೀದಿ ಯೋಜನೆಗೆ ಮೊದಲ ಬೀದಿ ಆಯ್ಕೆಯಾಯಿತು. ಒಂಟಿ ಮನೆಗಳಿದ್ದ ಕಡೆ ಹತ್ತು ಅಂತಸ್ತಿನ ಕಟ್ಟಡಗಳು ಎದ್ದು, ರಸ್ತೆ ಮಾತ್ರ ಅಜ್ಜನ ಕಾಲದ ಅಗಲದಲ್ಲೇ ಉಳಿದಿರುವ ಬಡಾವಣೆಗಳಿಗೆ ಈ ಯೋಜನೆ. ರಸ್ತೆ ಬದಿಯ ಕಾರುಗಳನ್ನು ಎಬ್ಬಿಸಿ ಅಲ್ಲಿ ಫುಟ್‌ಪಾತು, ಮರ ತರಬೇಕು. ಮೊದಲು ಒಂದು ತಿಂಗಳು ಬರೀ ಬಣ್ಣ ಬಳಿದು, ಗಿಡದ ಕುಂಡ ಇಟ್ಟು ಪ್ರಯೋಗ. ಜನ ಒಪ್ಪಿದರೆ ಆಮೇಲೆ ಕಲ್ಲು, ಸಿಮೆಂಟು, ನಿಜವಾದ ಮರ. ಯಾವ ಬೀದಿ ಎಂದು ತೀರ್ಮಾನಿಸಲು ಅಂಕ ಹಾಕುವ ಪದ್ಧತಿ ರೂಪಿಸಿದವನು ನಾನೇ. ಎಷ್ಟು ಅಪಘಾತ, ಎಷ್ಟು ಮಕ್ಕಳು, ನೆರಳು ಎಷ್ಟು ಕಮ್ಮಿ, ಹೀಗೆ. ಅಂಕ ಕೂಡಿದರೆ ಮೊದಲ ಸ್ಥಾನ ನಮ್ಮ ಮನೆಯ ಬೀದಿಗೇ ಬಂತು.

"ಅಯ್ಯೋ, ನಿಮ್ಮ ಬೀದಿನೇ ಕಣ್ರೀ!" ಎಂದು ನಮ್ಮ ಮುಖ್ಯಸ್ಥೆ ಮೇಡಂ ಖುಷಿಪಟ್ಟರು. "ಎಷ್ಟು ಅನುಕೂಲ ಆಯ್ತು ನೋಡಿ."

ನಾನೂ ನಕ್ಕೆ. ನನ್ನ ಕಾರು ನಿಲ್ಲುವುದು ಅದೇ ಬೀದಿಯಲ್ಲಿ, ನಮ್ಮ ಗೇಟಿನ ಪಕ್ಕ, ಟ್ರಾನ್ಸ್‌ಫಾರ್ಮರಿನ ಮುಂದೆ. ಆ ಜಾಗ ಹಿಡಿದು ಉಳಿಸಿಕೊಳ್ಳಲು ಏಳು ವರ್ಷ ನಾನು ಪಟ್ಟ ಪಾಡು ನನಗೇ ಗೊತ್ತು.

ಸೆಪ್ಟೆಂಬರ್ ೩, ಮಂಗಳವಾರ

ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟೆ. ಬೀದಿಯ ತುದಿಯಲ್ಲಿ ಬೇಕರಿ, ಅಲ್ಲಿ ತಿರುಗಿದರೆ ಸ್ಕೂಲು. ನಡೆದರೆ ಐದು ನಿಮಿಷ. ಕಾರಿನಲ್ಲಿ ಕಾಲು ಗಂಟೆ, ಏಕೆಂದರೆ ಎಲ್ಲ ಅಪ್ಪ ಅಮ್ಮಂದಿರೂ ಮಕ್ಕಳನ್ನು ಕಾರಿನಲ್ಲೇ ತರುತ್ತಾರೆ. ಎರಡು ಹೆಜ್ಜೆಗೂ ಕಾರು ಬೇಕು ಈ ಜನಕ್ಕೆ. ಬುದ್ಧಿಯಿಲ್ಲ.

ಮಗಳಿಗೆ ಒಂಬತ್ತು ವರ್ಷ. ಹಿಡಿದದ್ದನ್ನೇ ಕುಯ್ಯುತ್ತಿರುತ್ತಾಳೆಂದು ನಾನಿಟ್ಟ ಹೆಸರು ಪಿಟೀಲು. ಈಗಿನ ರಾಗ, ಸ್ಕೂಲಿಗೆ ನಡೆದುಕೊಂಡು ಹೋಗಬೇಕೆಂಬುದು. ಬೇಕರಿ ಮೂಲೆಯಲ್ಲಿ ಗೆಳತಿ ಕಾಯುತ್ತಾಳಂತೆ.

"ಈ ರಸ್ತೇಲಿ ಬೇಡ ಪುಟ್ಟಾ."

"ಯಾಕಪ್ಪಾ?"

"ಕಾರುಗಳು. ನೋಡು, ಹೇಗೆ ನುಗ್ತಾವೆ."

"ನಾವೂ ಕಾರಲ್ಲೇ ಇದೀವಲ್ಲ?"

"ನಮ್ಮದು ಬೇರೆ."

ಹೇಗೆ ಬೇರೆ ಎಂದು ಕೇಳುವಷ್ಟರಲ್ಲಿ ಸ್ಕೂಲು ಬಂತು, ಸದ್ಯ.

ಸೆಪ್ಟೆಂಬರ್ ೫, ಗುರುವಾರ

ಬೀದಿಯ ಸರ್ವೆ ಮುಗಿಸಿದೆ. ನನ್ನ ಕೈಯಾರೆ ನಾನೇ ಮಾಡಿದೆ. ಕಿರಿಯರಿಗೆ ಬಿಟ್ಟರೆ ಕಂಬವನ್ನು ಮರ ಎನ್ನುತ್ತಾರೆ, ಮರವನ್ನು ಬಿಟ್ಟೇ ಬಿಡುತ್ತಾರೆ.

ನಮ್ಮ ಪದ್ಧತಿ ಸರಳ. ತೆಗೆಯಬಹುದಾದದ್ದಕ್ಕೆ ನಕ್ಷೆಯಲ್ಲಿ ಹಳದಿ, ಅಲುಗಾಡದ ವಸ್ತುವಿಗೆ ಕೆಂಪು ಚೌಕ. ಟ್ರಾನ್ಸ್‌ಫಾರ್ಮರು, ಕಂಬ, ನೀರಿನ ಕವಾಟದ ಗುಂಡಿ, ಇವೆಲ್ಲ ಕೆಂಪು. ಕೆಂಪು ಬಿದ್ದ ಕಡೆ ಫುಟ್‌ಪಾತು ನಿಂತುಬಿಡುತ್ತದೆ. ಬ್ರಹ್ಮ ಬಂದು ಹೇಳಿದರೂ ಬಣ್ಣದವರು ಅಲ್ಲಿ ಬ್ರಷ್ಷು ಇಡುವುದಿಲ್ಲ. ಹಿಂದೊಮ್ಮೆ ಯಾರೋ ಕವಾಟದ ಮೇಲೆ ಕಲ್ಲು ಹಾಸಿ ಅರ್ಧ ಬಡಾವಣೆಗೆ ನೀರಿಲ್ಲದಂತೆ ಮಾಡಿದ ಮೇಲೆ ಬಂದ ನಿಯಮ ಇದು. ಕರಡು ಬರೆದವನೂ ನಾನೇ.

ಬೇಕರಿಯವನು ಟೇಪಿನ ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿಕೊಂಡು ನಿಂತ. "ಸಾರ್, ಕಾರು ನಿಲ್ಸಕ್ಕೆ ಜಾಗ ಇಲ್ದಿದ್ರೆ ನನ್ನ ಅಂಗಡಿಗೆ ನಾಯಿನೂ ಬರಲ್ಲ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಾ?" ಎಂದ. ಸಮುದಾಯದ ಹಿತಕ್ಕಾಗಿ ಪ್ರತಿಯೊಬ್ಬರೂ ಸ್ವಲ್ಪ ಬಿಟ್ಟುಕೊಡಬೇಕೆಂದು ಅವನಿಗೆ ತಿಳಿಹೇಳಿದೆ. ಎರಡು ಬೀದಿ ಆಚೆ ಶೀಟು ಹೊದಿಸಿದ ಪಾರ್ಕಿಂಗ್ ಯಾರ್ಡು ಮಾಡಿದ್ದೇವೆ, ಎಲ್ಲರೂ ಅಲ್ಲಿಗೇ ಹೋಗಬೇಕು ಎಂದೆ. ಅವನು ಕಾಲು ತೆಗೆದ, ಟೇಪು ಸುರ್ರನೆ ಬಂದು ನನ್ನ ಬೆರಳಿಗೆ ಬಡಿಯಿತು.

ಸೆಪ್ಟೆಂಬರ್ ೯, ಸೋಮವಾರ

ಪಿಟೀಲು ಊಟದ ಹೊತ್ತಿನಲ್ಲಿ ಮತ್ತೆ ಶುರು. ಈ ಸಲ ಪಕ್ಕವಾದ್ಯಕ್ಕೆ ಅವಳಮ್ಮ.

"ನಾವೆಲ್ಲ ಈ ವಯಸ್ಸಲ್ಲಿ ನಡ್ಕೊಂಡೇ ಹೋಗ್ತಿದ್ವಿ."

"ಆಗ ರಸ್ತೆ ಬೇರೆ ಇತ್ತು ಕಣೇ."

"ಹಾಗಾದ್ರೆ ಸರಿ. ರಸ್ತೆ ಸರಿಮಾಡೋದು ನಿಮ್ಮ ಕೆಲಸ ತಾನೆ? ನಿಮ್ಮ ಫುಟ್‌ಪಾತು ಬರ್ಲಿ. ಬಂದ ಮೇಲೆ ಅವಳು ನಡೀತಾಳೆ. ಒಪ್ಪಿಗೆನಾ?"

ನನ್ನದೇ ಕೆಲಸವನ್ನು ನಾನೇ ನಂಬುವುದಿಲ್ಲ ಎನ್ನಲಾದೀತೇ? ಒಪ್ಪಿದೆ. ಮಗಳು ಆಣೆ ಮಾಡಿಸಿಕೊಂಡಳು.

ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ. ನನಗೆ ಭಯ. ಪ್ರತಿ ತಿಂಗಳೂ ಅಪಘಾತದ ಫೈಲು ನನ್ನ ಮೇಜಿಗೇ ಬರುತ್ತದೆ. ಕಾರಣದ ಕಾಲಮ್ಮಿನಲ್ಲಿ ಬರೆಯುವವನೂ ನಾನೇ. 'ನಿಂತ ವಾಹನದ ಮರೆಯಿಂದ ಮಗು ಹಠಾತ್ತನೆ ರಸ್ತೆಗೆ' ಎಂಬ ಸಾಲನ್ನು ಬರೆದೂ ಬರೆದೂ ಕೈಗೆ ಅಭ್ಯಾಸವಾಗಿದೆ. ಬರೆದ ದಿನ ಮಾತ್ರ ಊಟ ಸೇರುವುದಿಲ್ಲ. ಹೆಂಡತಿಗೆ ಅಸಿಡಿಟಿ ಎಂದು ಹೇಳುತ್ತೇನೆ.

ಸೆಪ್ಟೆಂಬರ್ ೧೪, ಶನಿವಾರ

ಇವತ್ತು ಆದದ್ದನ್ನು ಹೇಗೆ ಬರೆಯಬೇಕೋ ತಿಳಿಯದು.

ಬೆಳಿಗ್ಗೆ ಬಣ್ಣದವರು ಬಂದರು. ನಾನು ಮೇಡಂ ಜೀಪಿನಲ್ಲಿ ನಗರಸಮಿತಿಯ ಸಭೆಗೆ ಹೋಗಿ 'ಬೀದಿಗಾಗಿ ನಾಗರಿಕರ ತ್ಯಾಗ' ಎಂಬ ವಿಷಯದ ಮೇಲೆ ಚಿತ್ರ ಸಹಿತ ಮಾತಾಡಿದೆ. ಚಪ್ಪಾಳೆ ಬಿತ್ತು. ಸಂಜೆ ಬಂದು ನೋಡುತ್ತೇನೆ, ಬೀದಿ ಗುರುತೇ ಸಿಗುತ್ತಿಲ್ಲ. ಎಲ್ಲರ ಕಾರುಗಳೂ ಯಾರ್ಡಿಗೆ ಹೋಗಿವೆ. ಆ ತುದಿಯಿಂದ ಈ ತುದಿಗೆ ಹಸಿರು ಪಟ್ಟಿ, ಅದರ ಅಂಚಿಗೆ ಸಾಲಾಗಿ ಕುಂಡಗಳು. ನನಗೇ ಒಂದು ಕ್ಷಣ ಎದೆಯುಬ್ಬಿತು.

ನಮ್ಮ ಗೇಟಿನ ಹತ್ತಿರ ಗುಂಪು ಸೇರಿತ್ತು. ಹಸಿರು ಪಟ್ಟಿ ನನ್ನ ಕಾರಿನ ಹಿಂಬದಿಗೆ ಬಂದು ನೀಟಾಗಿ ನಿಂತಿತ್ತು. ಕಾರಿನ ಮುಂಬದಿಯಿಂದ ಮತ್ತೆ ಶುರುವಾಗಿತ್ತು. ನಡುವೆ ಸುತ್ತ ಬಿಳಿ ಗೆರೆ ಎಳೆಸಿಕೊಂಡು ನನ್ನ ಕಾರು ರಾಜನ ಹಾಗೆ ಕೂತಿತ್ತು.

"ಏನಯ್ಯಾ ಇದು?" ಎಂದು ಮೇಸ್ತ್ರಿಯನ್ನು ಕೇಳಿದೆ.

"ಕೆಂಪು ಇತ್ತು ಸಾರ್. ಬಿಟ್ವಿ."

ನಕ್ಷೆ ಬಿಡಿಸಿ ತೋರಿಸಿದ. ಟ್ರಾನ್ಸ್‌ಫಾರ್ಮರಿಗೆ ಒಂದು ಕೆಂಪು ಚೌಕ, ಕಂಬಕ್ಕೆ ಒಂದು, ಅವೆರಡರ ಮುಂದೆ ಉದ್ದನೆಯದು ಇನ್ನೊಂದು. ನನ್ನದೇ ಕೈಬರಹ. ಏಳು ವರ್ಷ ಅಲ್ಲೇ ನೋಡಿ ನೋಡಿ, ಅಳತೆಯ ಭರದಲ್ಲಿ ಕಂಬದ ಜೊತೆ ಕಾರನ್ನೂ ಸೇರಿಸಿಬಿಟ್ಟಿದ್ದೇನೆ. ಬೇಕೆಂದು ಮಾಡಿದ್ದಲ್ಲ. ಅದನ್ನು ಯಾರಾದರೂ ನಂಬುತ್ತಾರೆಯೇ?

"ಎಲ್ರೂ ಬಿಟ್ಕೊಡ್ಬೇಕು ಅಂದ್ರಲ್ಲ ಸಾರ್," ಎಂದ ಬೇಕರಿಯವನು. "ಸಾಹೇಬ್ರ ಕಾರಿಗೆ ಪಟ್ಟಾಭಿಷೇಕನೇ ಆಗಿದೆ." ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು, ಆದರೆ ಬೇರೆ ಥರ.

ಸರಿಪಡಿಸಬಹುದು. ಆದರೆ ಅದಕ್ಕೆ ಪರಿಷ್ಕೃತ ನಕ್ಷೆ ಬೇಕು, ಕೆಂಪು ತೆಗೆಯಲು ಸಮಿತಿ ಒಪ್ಪಬೇಕು, ವಸ್ತು ಏನೆಂದು ವಿವರಿಸಬೇಕು. ನಡುವೆ ಬದಲಾಯಿಸಿದರೆ ಪ್ರಯೋಗದ ಶುದ್ಧತೆಯೂ ಕೆಡುತ್ತದೆ. ಒಂದು ತಿಂಗಳ ಮಾತು ತಾನೆ, ಆಕಾಶವೇನೂ ಕಳಚಿ ಬೀಳುವುದಿಲ್ಲ.

ಸೆಪ್ಟೆಂಬರ್ ೧೬, ಸೋಮವಾರ

ಮಗಳು ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅಪ್ಪ, ಫುಟ್‌ಪಾತ್ ಬಂತು. ನಾನು ನಡೀತೀನಿ."

"ಇನ್ನೂ ಪೂರ್ತಿ ಆಗಿಲ್ಲ ಪುಟ್ಟಾ. ಮಧ್ಯದಲ್ಲಿ ಒಂದು ಕಡೆ ಇಲ್ಲ."

"ಎಲ್ಲಿ?"

"ನಮ್ಮ ಗೇಟಿನ ಹತ್ರ."

ಅವಳು ಕಾರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಪಿಟೀಲು ಏನನ್ನೂ ಕುಯ್ಯದೆ ಸುಮ್ಮನೆ ಹಿಂದಿನ ಸೀಟು ಹತ್ತಿದ್ದು ಇದೇ ಮೊದಲು. ದಾರಿಯುದ್ದಕ್ಕೂ ಹಸಿರು ಪಟ್ಟಿಯ ಮೇಲೆ ಮಕ್ಕಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಒಬ್ಬ ಹುಡುಗನಂತೂ ಕೈ ಬೀಸಿದ. ಮಗಳು ಸೀಟಿನಲ್ಲಿ ಕೆಳಕ್ಕೆ ಜಾರಿ ಕೂತಳು.

ಸೆಪ್ಟೆಂಬರ್ ೨೦, ಶುಕ್ರವಾರ

ಬೇಕರಿಯವನು ಅಂಗಡಿ ಮುಂದೆ ಕುಂಡಗಳ ನಡುವೆ ಎರಡು ಬೆಂಚು ಹಾಕಿದ್ದಾನೆ. ಜನ ಕೂತು ಬನ್ನು ತಿನ್ನುತ್ತಾರೆ. "ನಾನು ಮೊದ್ಲೇ ಹೇಳಿದ್ನಲ್ಲ ಸಾರ್, ಇದು ಆಗ್ಬೇಕಾದ ಕೆಲಸ ಅಂತ," ಎಂದು ನನಗೇ ಹೇಳಿದ. ಏನು ಜನವೋ.

ನನ್ನ ಕಾರಿನ ಬಾನೆಟ್ಟಿನ ಮೇಲೆ ಯಾರೋ ಒಂದು ಪುಟ್ಟ ಕುಂಡ ಇಟ್ಟು ನೀರೂ ಹಾಕಿದ್ದರು. ಹಿಂದಿನ ಗಾಜಿನ ಧೂಳಿನಲ್ಲಿ ಬೆರಳಿನಿಂದ 'ಅಲುಗಾಡದ ವಸ್ತು' ಎಂದು ಬರೆದಿತ್ತು. ಆ ಕೈಬರಹವನ್ನು ನಾನು ಬಲ್ಲೆ. ಹೋಂವರ್ಕಿನ ಕೆಳಗೆ ದಿನಾ ಸಹಿ ಹಾಕುವವನು ನಾನೇ. ಒರೆಸಿದೆ.

ಸೆಪ್ಟೆಂಬರ್ ೨೪, ಮಂಗಳವಾರ

ಈ ವಾರವಿಡೀ ಬೆಳಿಗ್ಗೆ ಬೇಗ ಸಭೆಗಳು. ಬಸ್ಸಿನಲ್ಲಿ ಹೋಗುತ್ತಿದ್ದೇನೆ. ಮಗಳನ್ನು ಸ್ಕೂಲಿಗೆ ಕಳಿಸುವುದು ಹೆಂಡತಿಯ ಪಾಲಿಗೆ. ಹೇಗೆ ಕಳಿಸುತ್ತೀಯ ಎಂದೆ. "ಕಳಿಸ್ತೀನಿ ಬಿಡಿ" ಎಂದಳು. ಮೇಲಿನ ಮನೆಯವರ ಕಾರಿರಬೇಕು.

ಸೆಪ್ಟೆಂಬರ್ ೨೬, ಗುರುವಾರ

ಇವತ್ತು ಬರೆಯಲಾರೆ.

ಸೆಪ್ಟೆಂಬರ್ ೨೭, ಶುಕ್ರವಾರ

ಬರೆಯದಿದ್ದರೆ ತಲೆಯಿಂದ ಹೋಗುವಂತಿಲ್ಲ, ಬರೆಯುತ್ತೇನೆ.

ನಿನ್ನೆ ಬಸ್‌ಸ್ಟಾಪಿಗೆ ಹೋದ ಮೇಲೆ ಸಭೆ ಒಂದು ಗಂಟೆ ಮುಂದಕ್ಕೆ ಹೋಗಿದೆಯೆಂದು ಫೋನು ಬಂತು. ವಾಪಸು ಬಂದು ಬೇಕರಿ ಬೆಂಚಿನ ಮೇಲೆ ಟೀ ಹಿಡಿದು ಕೂತೆ. ಮೂಲೆಯಲ್ಲಿ ಒಬ್ಬಳು ಹುಡುಗಿ ಯಾರಿಗೋ ಕಾಯುತ್ತಿದ್ದಳು. ಅಷ್ಟರಲ್ಲಿ ನಮ್ಮ ಗೇಟಿನಿಂದ ಮಗಳು ಹೊರಗೆ ಬಂದಳು, ಒಬ್ಬಳೇ.

ಪಟ್ಟಿಯ ಮೇಲೆ ನಾಲ್ಕು ಹೆಜ್ಜೆ ಇಟ್ಟಳು. ಪಟ್ಟಿ ಮುಗಿಯಿತು. ಒಳಗಡೆ ಟ್ರಾನ್ಸ್‌ಫಾರ್ಮರಿನ ಬೇಲಿ, ಮುಂದೆ ನನ್ನ ಕಾರು. ದಾಟಬೇಕಾದರೆ ರಸ್ತೆಗೇ ಇಳಿಯಬೇಕು. ಅವಳು ಒಂದು ಕೈಯನ್ನು ಕಾರಿನ ಮೈಗೆ ಒತ್ತಿಕೊಂಡು, ಅದನ್ನೇ ಸವರಿಕೊಂಡು ಅಂಚಿಗೆ ಬಂದು, ಕತ್ತು ಚಾಚಿ ನೋಡಿದಳು. ಅವಳ ತಲೆ ಕಾರಿನ ನೆತ್ತಿಯಷ್ಟೂ ಎತ್ತರವಿಲ್ಲ. ಕಾರಿನ ಮುಂಬದಿಯ ಕಡೆಯಿಂದ ಬರುತ್ತಿದ್ದ ಹಾಲಿನ ವ್ಯಾನಿನವನಿಗೆ ಅವಳು ಕಾಣುವ ಸಾಧ್ಯತೆಯೇ ಇರಲಿಲ್ಲ. ಅವಳು ರಸ್ತೆಗೆ ಕಾಲಿಟ್ಟಳು.

ನಾನು ಕೂಗಲಿಲ್ಲ. ಟೀ ಲೋಟ ಹಿಡಿದೇ ಎದ್ದು ನಿಂತೆ. ಬ್ರೇಕಿನ ಸದ್ದು ಬಂತು. ಮಗಳ ಬ್ಯಾಗಿಗೂ ವ್ಯಾನಿಗೂ ನಡುವೆ ಒಂದು ಮೊಳ ಇದ್ದಿರಬಹುದು.

"ಏಯ್ ಪಾಪು, ನೋಡ್ಕೊಂಡು ಬಾರಮ್ಮಾ!" ಎಂದು ಡ್ರೈವರ್ ಗದರಿಸಿದ. ಅವನ ಮುಖ ಬಿಳಿಚಿಕೊಂಡಿತ್ತು.

"ಸಾರಿ ಅಂಕಲ್," ಎಂದು ಅವಳು ಕಾರಿನ ಮುಂಬದಿಗೆ ಬಂದು ಪಟ್ಟಿ ಹತ್ತಿದಳು. ಹತ್ತಿ, ತಿರುಗಿ, ಕಾರಿನ ಬಾನೆಟ್ಟನ್ನು ಎರಡು ಸಲ ತಟ್ಟಿದಳು, ಮನೆಯವರಿಗೆ ಹೋಗಿಬರುತ್ತೇನೆಂದು ಹೇಳುವ ಹಾಗೆ. ಆಮೇಲೆ ಓಡಿಹೋಗಿ ಗೆಳತಿಯ ಕೈ ಹಿಡಿದಳು. ನನ್ನನ್ನು ನೋಡಲೇ ಇಲ್ಲ.

'ನಿಂತ ವಾಹನದ ಮರೆಯಿಂದ ಮಗು ಹಠಾತ್ತನೆ ರಸ್ತೆಗೆ.' ಸುಳ್ಳು. ಹಠಾತ್ತನೆ ಏನಲ್ಲ. ಎಷ್ಟು ನಿಧಾನವಾಗಿ, ಎಷ್ಟು ಎಚ್ಚರಿಕೆಯಿಂದ ಇಳಿದಳು! ಆ ಸಾಲನ್ನು ಇಷ್ಟು ವರ್ಷ ಹೇಗೆ ಬರೆದೆನೋ.

ಹೆಂಡತಿಯ ಮೇಲೆ ಕೂಗಾಡಿದೆ. ಅವಳು ವ್ಯಾನಿನ ವಿಷಯ ಕೇಳಿ ಕುರ್ಚಿ ಎಳೆದುಕೊಂಡು ಕೂತಳು. ಆದರೆ ಸೋಲಲಿಲ್ಲ. "ನೀವು ಆಣೆ ಮಾಡಿದ್ರಿ. ಫುಟ್‌ಪಾತು ಬಂತು. ಅವಳು ನಡೆದ್ಲು."

"ಅಲ್ಲಿ ಫುಟ್‌ಪಾತಿಲ್ಲ ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತು. ಯಾಕಿಲ್ಲ ಅಂತ್ಲೂ ಗೊತ್ತು."

ಅದು ನಕ್ಷೆಯ ತಾಂತ್ರಿಕ ಸಮಸ್ಯೆ ಎಂದು ಹೇಳಿದೆ. ಹೇಳುವಾಗ ನನಗೇ ನಾಚಿಕೆಯಾಯಿತು.

ಸೆಪ್ಟೆಂಬರ್ ೨೮, ಶನಿವಾರ

ಕಾರನ್ನು ಯಾರ್ಡಿಗೆ ಬಿಟ್ಟು ಬಂದೆ. ಗೇಟಿನ ಹತ್ತಿರ ಬಿಸಿಲು ಜಾಸ್ತಿ, ಬಣ್ಣ ಮಾಸುತ್ತಿದೆ. ಯಾರ್ಡಿನಲ್ಲಿ ಶೀಟು ಇದೆಯಲ್ಲ.

ಸೆಪ್ಟೆಂಬರ್ ೩೦, ಸೋಮವಾರ

ಬೆಳಿಗ್ಗೆ ಎದ್ದು ನೋಡಿದರೆ ನನ್ನ ಜಾಗದಲ್ಲಿ ಯಾರದೋ ಜೀಪು, ನನ್ನ ಕಾರಿನ ಒಂದೂವರೆಯಷ್ಟು. ಇದರ ಮರೆಯಲ್ಲಿ ಮಗಳೇಕೆ, ನಾನೇ ಕಾಣುವುದಿಲ್ಲ.

"ಇಲ್ಲಿ ನಿಲ್ಲಿಸ್ಬಾರ್ದು ಕಣ್ರೀ," ಎಂದೆ.

"ಯಾಕೆ? ಇಡೀ ಬೀದೀಲಿ ಬಣ್ಣ ಇಲ್ದೇ ಇರೋದು ಇದೊಂದೇ ಜಾಗ," ಎಂದ ಜೀಪಿನವನು. "ಯಾರೋ ಪುಣ್ಯಾತ್ಮ ನಮ್ಮಂಥೋರಿಗೆ ಅಂತ್ಲೇ ಬಿಟ್ಟಿದಾನೆ."

ಮೇಸ್ತ್ರಿಗೆ ಫೋನು ಮಾಡಿದೆ. "ಅರ್ಧ ಗಂಟೆ ಕೆಲಸ ಸಾರ್. ಆದ್ರೆ ಕೆಂಪು ಇದೆಯಲ್ಲ. ಹೊಸ ನಕ್ಷೆ ಕೊಡಿ," ಎಂದ. ಮೇಡಂ ಹತ್ತಿರ ಹೋದೆ. ವಿಷಯ ಏನೆಂದು ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. "ಸಮಿತಿ ಮುಂದಿನ ಸೋಮವಾರ ಸೇರುತ್ತೆ. ನೀವೇ ಮಂಡಿಸಿ," ಎಂದರು. ಮೇಡಂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅಲ್ಲಿಯವರೆಗೆ ಒಂದು ಕುಂಡ ತಂದಿಡೋಣವೆಂದರೆ, ಕೆಂಪು ಚೌಕದಲ್ಲಿ ಬೇರೆ ವಸ್ತು ಇಡಬಾರದೆಂಬ ನಿಯಮವಿದೆ. ಅದನ್ನೂ ನಾನೇ ಬರೆದಿದ್ದೇನೆ, ಎಂಥ ಮಹಾ ಬುದ್ಧಿವಂತ ನೋಡಿ. ಮನುಷ್ಯ ಕೂರಬಾರದೆಂದು ಮಾತ್ರ ಎಲ್ಲೂ ಬರೆದಿಲ್ಲ.

ಅಕ್ಟೋಬರ್ ೧, ಮಂಗಳವಾರ

ಜೀಪಿನವನು ರಾತ್ರಿ ಹೋಗಿದ್ದ. ಬೆಳಿಗ್ಗೆ ಬೇಗ ಅಡುಗೆಮನೆಯ ಸ್ಟೂಲನ್ನು ಬಿಳಿ ಗೆರೆಯ ಒಳಗೆ ಹಾಕಿಕೊಂಡು ಪೇಪರ್ ಓದುತ್ತ ಕೂತೆ. ಕೇವಲ ಸ್ಥಳ ಪರಿಶೀಲನೆಗಾಗಿ. ಮೂವರು ಬಂದು ಹಾರನ್ ಹೊಡೆದರು. ಒಬ್ಬ ನನ್ನ ವಂಶವನ್ನೆಲ್ಲ ನೆನೆದ. ನಾನು ಪುಟ ತಿರುಗಿಸಿದೆ. ಮಕ್ಕಳು ನನ್ನ ಬೆನ್ನ ಹಿಂದಿನಿಂದ, ಟ್ರಾನ್ಸ್‌ಫಾರ್ಮರಿನ ಬೇಲಿಗೂ ನನಗೂ ನಡುವೆ, ಸಾಲಾಗಿ ಹೋದವು. ನನ್ನ ಮಗಳೂ ಹೋದಳು. ನನ್ನ ಗುರುತೇ ಇಲ್ಲದವಳ ಹಾಗೆ ನಡೆದಳು.

ಅಕ್ಟೋಬರ್ ೪, ಶುಕ್ರವಾರ

ಸ್ಟೂಲಿನ ಮೇಲಿಂದ ಬೀದಿ ಬೇರೆಯೇ ಕಾಣುತ್ತದೆ. ಮೊದಲ ಮಹಡಿಯ ಅಜ್ಜಿ ಕೋಲೂರಿಕೊಂಡು ಬೇಕರಿಯವರೆಗೆ ಹೋಗಿ ಬರುತ್ತಾರೆ. ಅವರು ನಮ್ಮ ಕಟ್ಟಡದಲ್ಲಿದ್ದಾರೆಂದೇ ನನಗೆ ಗೊತ್ತಿರಲಿಲ್ಲ. "ಏನಪ್ಪಾ, ಮನೆಯಿಂದ ಹೊರಗೆ ಹಾಕಿದ್ರಾ?" ಎಂದು ವಿಚಾರಿಸಿಕೊಂಡರು. ಬೇಕರಿಯವನು ದಿನಾ ಟೀ ಕಳಿಸುತ್ತಾನೆ. ಹಾಲಿನ ವ್ಯಾನಿನವನು ನನ್ನನ್ನು ಕಂಡರೆ ನಿಧಾನ ಮಾಡುತ್ತಾನೆ. ಬಲಗಡೆಯ ಕುಂಡದ ಗಿಡ ಬಾಡಿತ್ತು, ಕೂತವನು ಸುಮ್ಮನೆ ಏಕೆ ಕೂರಬೇಕೆಂದು ನೀರು ಹಾಕುತ್ತಿದ್ದೇನೆ.

ಹಾರನ್ ಹೊಡೆಯುವ ಕಾರಿನವರನ್ನು ನೋಡಿದರೆ ಮೈ ಉರಿಯುತ್ತದೆ. ಏನು ಅಹಂಕಾರ! ರಸ್ತೆ ಇವರಪ್ಪನದೇ?

ಅಕ್ಟೋಬರ್ ೭, ಸೋಮವಾರ

ಸಮಿತಿಯ ಮುಂದೆ ನಿಂತೆ. ತ್ಯಾಗದ ಭಾಷಣಕ್ಕೆ ಚಪ್ಪಾಳೆ ತಟ್ಟಿದ್ದ ಅದೇ ಮುಖಗಳು.

"ತೆರವು ಮಾಡಬೇಕಾದ ವಸ್ತು ಏನು?" ಎಂದರು ಅಧ್ಯಕ್ಷರು.

"ಕಾರು."

"ಕಾರಿಗೆ ಯಾಕ್ರೀ ಕೆಂಪು ಹಾಕಿದ್ರು? ಯಾರ ಕಾರು?"

"ನನ್ನದು. ಹಾಕಿದವನೂ ನಾನೇ. ತಪ್ಪಾಗಿದೆ."

"ಈಗ್ಲೂ ಅಲ್ಲೇ ಇದೆಯಾ?"

"ಇಲ್ಲ."

"ಮತ್ತೆ ಈಗ ಅಲ್ಲಿ ಏನಿದೆ?"

"ನಾನಿದ್ದೀನಿ ಸಾರ್," ಎಂದೆ.

ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಮೇಡಂ ಕೂಡ ನಕ್ಕರು. ಒಪ್ಪಿಗೆ ಸಿಕ್ಕಿತು.

ಅಕ್ಟೋಬರ್ ೧೨, ಶನಿವಾರ

ಮೇಸ್ತ್ರಿ ಬಂದು ಬಿಳಿ ಗೆರೆ ಅಳಿಸಿ ಹಸಿರು ಬಳಿದ. ನಿಜಕ್ಕೂ ಅರ್ಧ ಗಂಟೆಯ ಕೆಲಸ. ಎರಡು ಕುಂಡ ಇಟ್ಟ. ಜನರೂ ಒಪ್ಪಿದ್ದಾರೆ, ಕಲ್ಲು ಮತ್ತು ಮರ ಮುಂದಿನ ತಿಂಗಳು. ಒಪ್ಪಿಗೆಯ ಅರ್ಜಿಗೆ ಮೊದಲ ಸಹಿ ಬೇಕರಿಯವನದು. ಸ್ಟೂಲನ್ನು ಒಳಗಿಟ್ಟೆ. ಯಾಕೋ ಮನಸ್ಸಿಗೆ ಬೇಜಾರು, ಮತ್ತೆ ಅಸಿಡಿಟಿ ಇರಬೇಕು.

ಅಕ್ಟೋಬರ್ ೧೪, ಸೋಮವಾರ

ಇವತ್ತು ಅಲ್ಲಿ ನನಗೇನೂ ಕೆಲಸವಿರಲಿಲ್ಲ. ಆದರೂ ಸ್ಟೂಲು ತೆಗೆದುಕೊಂಡು ಹೋಗಿ ಕೂತೆ, ಬಣ್ಣ ಸರಿಯಾಗಿ ಒಣಗಿದೆಯೋ ನೋಡೋಣವೆಂದು.

ಮಗಳು ಗೇಟಿನಿಂದ ಬಂದಳು. ಇವತ್ತು ಗೆಳತಿ ಇಲ್ಲಿಯವರೆಗೇ ಬಂದಿದ್ದಳು. "ಇವ್ರು ಯಾಕೆ ದಿನಾ ಇಲ್ಲಿ ಕೂತಿರ್ತಾರೆ?" ಎಂದು ಆ ಹುಡುಗಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು.

"ನಮ್ಮಪ್ಪ," ಎಂದಳು ಮಗಳು. "ಅವ್ರಿಗೆ ಕೆಂಪು."

ಆಮೇಲೆ ನನ್ನ ಹತ್ತಿರ ಬಂದು ನಿಂತಳು. "ಅಪ್ಪ, ಬಣ್ಣ ಒಣಗಿದೆ."

"ಹೂಂ."

"ಒಳಗೆ ಹೋಗು. ನಂಗೆ ಬರುತ್ತೆ."

ಬಾನೆಟ್ಟನ್ನು ತಟ್ಟಿದ ಹಾಗೆಯೇ ನನ್ನ ಭುಜವನ್ನು ಎರಡು ಸಲ ತಟ್ಟಿ ಹೊರಟಳು. ಇಬ್ಬರೂ ಏನೋ ಮಾತಾಡಿಕೊಂಡು, ಕೈ ಬೀಸಿಕೊಂಡು ಪಟ್ಟಿಯುದ್ದಕ್ಕೂ ಹೋದರು. ಬೇಕರಿಯ ಮೂಲೆಯಲ್ಲಿ ಒಂದು ಸಲ ತಿರುಗಿ ನೋಡುತ್ತಾಳೆಂದುಕೊಂಡಿದ್ದೆ. ನೋಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಎದ್ದೆ. ಸ್ಟೂಲನ್ನು ಅಡುಗೆಮನೆಯಲ್ಲಿಟ್ಟು, ನಡೆದುಕೊಂಡೇ ಆಫೀಸಿಗೆ ಹೋದೆ. ಬೇರೇನೂ ವಿಶೇಷವಿಲ್ಲ.